ಬಳ್ಳಾರಿ ಬಿಸಿಲಿಗೆ ಪೋಲಾರ್ ಎಚ್10 ಎದೆಪಟ್ಟಿ

ವ್ಯಾಯಾಮ ಶರೀರಶಾಸ್ತ್ರದ ಸ್ನಾತಕೋತ್ತರ ಪ್ರಾಜೆಕ್ಟ್‌ಗೆ ಹೃದಯಬಡಿತ ಅಳೆಯಲು ಕೈಗಡಿಯಾರದ ಸೆನ್ಸರ್ ಸಾಲದು. ಅದು ಬೆಳಕಿನಿಂದ ರಕ್ತದ ಹರಿವು ಅಳೆಯುತ್ತದೆ. ಕೋಟೆಗುಡ್ಡದ ಮೆಟ್ಟಿಲು ಹತ್ತಿ ಓಡುವಾಗ ಕೈ ಅಲ್ಲಾಡಿ ಲೆಕ್ಕ ತಪ್ಪುತ್ತದೆ. ಎದೆಗೆ ಕಟ್ಟುವ ಈ ಪೋಲಾರ್ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಬಡಿತಗಳ ನಡುವಿನ ಅಂತರವನ್ನೂ ಕೊಡುತ್ತದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಚರ್ಮಕ್ಕೆ ತಾಗಿ ಸಂಕೇತ ಹಿಡಿಯುವ ಭಾಗವನ್ನು (ಎಲೆಕ್ಟ್ರೋಡ್) ಒದ್ದೆ ಮಾಡಿಯೇ ಕಟ್ಟಿ. ಒಣಗಿದ್ದರೆ ಬೆವರು ಬರುವ ತನಕ ಅಂಕಿ ಎಗರಾಡುತ್ತವೆ. ಓಟ ಮುಗಿದ ಕೂಡಲೇ ಸೆನ್ಸರ್ ಕಳಚಿ, ಪಟ್ಟಿ ತೊಳೆದು ನೆರಳಲ್ಲಿ ಒಣಗಿಸಿ. ಕಳಚದಿದ್ದರೆ ಬೆವರಿನ ತೇವಕ್ಕೆ ಸೆನ್ಸರ್ ಚಾಲೂ ಇದ್ದು ಸಿಆರ್2025 ಬಟನ್ ಸೆಲ್ ಬೇಗ ಮುಗಿಯುತ್ತದೆ. ತೊಳೆಯದಿದ್ದರೆ ಉಪ್ಪು ಕೂರುತ್ತದೆ.

ಏಪ್ರಿಲ್‌ನಲ್ಲಿ ಅದೇ ವೇಗಕ್ಕೂ ಬಡಿತ ಏರುತ್ತಾ ಹೋದರೆ ಪಟ್ಟಿಯನ್ನು ದೂರಬೇಡಿ. ಚರ್ಮದತ್ತ ರಕ್ತ ಹರಿದು, ಬೆವರಿನಲ್ಲಿ ನೀರು ಹೋಗಿ, ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾಗಿರುತ್ತದೆ. ಓಟದ ಪರೀಕ್ಷೆ ಬೆಳಿಗ್ಗೆ 6ಕ್ಕೇ ಮಾಡಿ, ತಾಪಮಾನವನ್ನೂ ಬರೆದಿಡಿ.