ಒಣಹಳ್ಳದ ಲೆಕ್ಕ ಚುಕ್ತಾ, ಇನ್ನು ಸುರಂಗದ ಕೆಲಸ

ಈಚೆಗೆ ಒಂದು ಭಾನುವಾರ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಅರಸೀಕೆರೆಯ ಮಿಸ್ಸು ಗಣಿ ಸಾಹುಕಾರನ ಎದೆಗೆ ಗುಂಡು ಹೊಡೆದರು. ಅವರಿಗೆ 62 ವರ್ಷ. ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಹೊಡೆದ ಮೇಲೆ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡು, "ಸತ್ತನೇನ್ರೀ?" ಅಂದರು. ಸತ್ತಿದ್ದ. ಹದಿನಾಲ್ಕು ತಿಂಗಳು, 31 ಸೆಷನ್ ಎಳೆದ ನಮ್ಮ ಕ್ಯಾಂಪೇನ್, ಅಂದರೆ ಧಾರಾವಾಹಿಯ ಹಾಗೆ ಆಡುತ್ತಾ ಬಂದ ಒಂದೇ ಕಥೆಯ ಆಟ, ಅಲ್ಲಿಗೆ ಮುಗಿಯಿತು.

ಆಟದ ಹೆಸರು ಡೆಡ್‌ಲ್ಯಾಂಡ್ಸ್. ಅಮೆರಿಕದ ಕೌಬಾಯ್ ಕಾಲದ ರೋಲ್‌ಪ್ಲೇಯಿಂಗ್ ಆಟ. ಇಂಥ ಆಟ ಏನು ಅಂತ ಕೇಳಿದವರಿಗೆಲ್ಲ ನಾನು ತಾಳಮದ್ದಳೆಯ ಉದಾಹರಣೆ ಕೊಡುತ್ತೇನೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುವುದು. ಭಾಗವತರ ಜಾಗದಲ್ಲಿ ಕಥೆ ನಡೆಸುವವರು ಒಬ್ಬರು. ವ್ಯತ್ಯಾಸ ಇಷ್ಟೇ: ತಾಳಮದ್ದಳೆಯಲ್ಲಿ ಕರ್ಣ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಯಾರು ಸಾಯುತ್ತಾರೆ ಅನ್ನುವುದು ದಾಳ ಬೀಳುವವರೆಗೆ ಭಾಗವತರಿಗೂ ಗೊತ್ತಿಲ್ಲ. ನಮ್ಮಲ್ಲಿ ಆ ಭಾಗವತರು ನಾನು. ಹಗಲು ಹಾಸನದ ಒಂದು ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ಅದಕ್ಕೇ ತಿಂಗಳ 20ನೇ ತಾರೀಕಿನ ಹಿಂದಿನ ಭಾನುವಾರ ಆಟ ಇರುತ್ತಿರಲಿಲ್ಲ.

ಆನ್‌ಲೈನಿನಲ್ಲಿ ಆಡಿದವರು ನಾಲ್ಕು ಜನ. ಮಿಸ್ಸು, ಬೆಂಗಳೂರಲ್ಲಿರುವ ನನ್ನ ತಮ್ಮ, ಸಕಲೇಶಪುರದ ಹತ್ತಿರ ಕಾಫಿ ತೋಟ ಇರುವ ಗೌಡ್ರು, ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ. ಪುಸ್ತಕ ಇಂಗ್ಲಿಷು, ಆಟ ಪೂರ್ತಿ ಕನ್ನಡ. ಊರಿನ ಹೆಸರು ಡ್ರೈ ಕ್ರೀಕ್ ಅಂತ ಇಟ್ಟಿದ್ದೆ. ಎರಡನೇ ವಾರಕ್ಕೇ ಅದು ಒಣಹಳ್ಳ ಆಯಿತು. ತೊಂದರೆ ಆಗಿದ್ದು ಸಲೂನಿನದು. ಅಲ್ಲಿ ಸಲೂನ್ ಅಂದರೆ ಹೆಂಡದಂಗಡಿ, ನಮ್ಮಲ್ಲಿ ಕಟಿಂಗ್ ಶಾಪು. ಪಕ್ಕದ ರೂಮಿಂದ ಕೇಳಿಸಿಕೊಳ್ಳುತ್ತಿದ್ದ ನಮ್ಮಮ್ಮ ಒಂದು ದಿನ ಬಾಗಿಲಿಗೆ ಬಂದು ಕೇಳಿದರು: "ಅಲ್ಲಾ ಕಣೇ, ಕಟಿಂಗ್ ಮಾಡಿಸ್ಕೊಳ್ಳಕ್ಕೆ ಬಂದೂಕು ಯಾಕೆ ತಗೊಂಡ್ ಹೋಗ್ತಾರೆ?"

ಸರಿ, ಆಟದ ವಿಚಾರ. ಡೆಡ್‌ಲ್ಯಾಂಡ್ಸ್ ಮೊದಲು ಬಂದಿದ್ದು 1996ರಲ್ಲಿ. ಶೇನ್ ಲೇಸಿ ಹೆನ್ಸ್ಲಿ ಬರೆದದ್ದು, ಪಿನಕಲ್ ಕಂಪನಿಯದು. ಈಗಿನದು ಸ್ಯಾವೇಜ್ ವರ್ಲ್ಡ್ಸ್ ಅನ್ನುವ ನಿಯಮಗಳ ಮೇಲೆ ನಡೆಯುತ್ತದೆ. ಆಟದ ಕಥೆಯಲ್ಲಿ 1863ರ ಜುಲೈನಲ್ಲಿ ದೆವ್ವಗಳು ಲೋಕಕ್ಕೆ ನುಗ್ಗುತ್ತವೆ. 1868ರಲ್ಲಿ ಭೂಕಂಪವಾಗಿ ಕ್ಯಾಲಿಫೋರ್ನಿಯಾ ಸಮುದ್ರಕ್ಕೆ ಕುಸಿಯುತ್ತದೆ, ಆ ಬಿರುಕಲ್ಲಿ ಘೋಸ್ಟ್ ರಾಕ್ ಸಿಗುತ್ತದೆ. ಕಲ್ಲಿದ್ದಲಿಗಿಂತ ಜಾಸ್ತಿ ಹೊತ್ತು ಉರಿಯುವ, ಉರಿಯುವಾಗ ಚೀರುವ ಕಲ್ಲು. ಅದಕ್ಕಾಗಿ ರೈಲು ಕಂಪನಿಗಳ ಹೊಡೆದಾಟ. ಹಳೇ ಆವೃತ್ತಿಯಲ್ಲಿ ಗುಲಾಮಗಿರಿಗಾಗಿ ಕಾದಾಡಿದ ದಕ್ಷಿಣದ ರಾಜ್ಯಗಳು ಸೋಲದೆ ಬೇರೆ ದೇಶವಾಗಿ ಉಳಿದಿರುತ್ತಿದ್ದವು. ಹೊಸದರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಒಳ್ಳೇ ಕೆಲಸ. ಅಂಥ ದೇಶದ ಸಿಪಾಯಿಯನ್ನು ಹೀರೋ ಮಾಡಿ ಕಥೆ ಹೇಳಲು ನನ್ನ ನಾಲಿಗೆಯಂತೂ ಹೊರಳುತ್ತಿರಲಿಲ್ಲ.

ಆದರೆ ಈ ಆಟದ ನಿಜವಾದ ಬಂಡವಾಳ ದೆವ್ವ ಅಲ್ಲ, ಇಸ್ಪೀಟೆಲೆ. ಜಗಳ ಶುರುವಾದರೆ ಪ್ರತಿ ಸುತ್ತಿಗೂ ಎಲ್ಲರಿಗೂ ಒಂದೊಂದು ಎಲೆ ಹಂಚುತ್ತಾರೆ. ಎಕ್ಕ ಬಂದವರು ಮೊದಲು, ಆಮೇಲೆ ರಾಜ, ರಾಣಿ, ಗುಲಾಮ, ಹೀಗೆ ಕೆಳಕ್ಕೆ. ಒಂದೇ ಎಲೆ ಇಬ್ಬರಿಗೆ ಬಂದರೆ ಇಸ್ಪೀಟಿಗೆ ಮೊದಲ ಸರದಿ, ಕ್ಲಾವರಿಗೆ ಕೊನೆಯದು. ಜೋಕರ್ ಬಂದವರು ಯಾವಾಗ ಬೇಕಾದರೂ ನುಗ್ಗಬಹುದು, ಆ ಸುತ್ತಿನಲ್ಲಿ ಅವರ ದಾಳಕ್ಕೆ, ಹೊಡೆತಕ್ಕೆ ಎರಡೆರಡು ಜಾಸ್ತಿ. ರಮ್ಮಿ ಆಡಿ ಬೆಳೆದ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಲು ಎರಡು ನಿಮಿಷ ಸಾಕು. ಬೇರೆ ಆಟಗಳಲ್ಲಿ ಯಾರು ಮೊದಲು ಅಂತ ಲೆಕ್ಕ ಹಾಕುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ.

ಇದರ ಬೆಲೆ ಗೊತ್ತಾಗಿದ್ದು ಮಳೆಗಾಲದಲ್ಲಿ. ನಾವು ಆಡುತ್ತಿದ್ದುದು ಬ್ರೌಸರಿನಲ್ಲಿ ತೆರೆಯುವ ಒಂದು ಉಚಿತ ಟೇಬಲ್ ಮೇಲೆ. ಹೆಸರು ಬೇಡ. ಮ್ಯಾಪು, ಗೊಂಬೆ, ದಾಳ ಎಲ್ಲ ಅದರಲ್ಲೇ. ಜುಲೈನಲ್ಲಿ ಸಕಲೇಶಪುರದ ಕಡೆ ಗಾಳಿ ಹೊಡೆಯಿತು ಅಂದರೆ ಮರ ತಂತಿ ಮೇಲೆ, ಗೌಡ್ರ ಮನೆ ಕತ್ತಲು. ಅವರು ಜಗಲಿಗೆ ಬಂದು ಒಂದೇ ಕಡ್ಡಿ ಸಿಗ್ನಲಲ್ಲಿ ಫೋನ್ ಹಚ್ಚುತ್ತಿದ್ದರು. ಮ್ಯಾಪ್ ಕಾಣದು. "ನಂಗೆ ಯಾವ ಎಲೆ ಬಂತು, ಅಷ್ಟು ಹೇಳಿ ಸಾಕು" ಅನ್ನುವರು. "ಆಟೀನ್ ರಾಣಿ ಗೌಡ್ರೇ." "ಹಂಗಾದ್ರೆ ನಾನು ಎರಡನೆಯವ್ನು. ನೀರಿನ ತೊಟ್ಟಿ ಹಿಂದೆ ಕೂರ್ತೀನಿ." ಆಟ ನಿಲ್ಲುತ್ತಿರಲಿಲ್ಲ. ನಾನೋ, ಶನಿವಾರ ಮೂರು ಗಂಟೆ ಕೂತು ಆ ನೀರಿನ ತೊಟ್ಟಿಗೆ ನೆರಳು ಸಮೇತ ಚಿತ್ರ ಬರೆದಿರುತ್ತಿದ್ದೆ. ಯಾರಿಗೂ ಬೇಕಾಗಿರಲಿಲ್ಲ. ಮ್ಯಾಪ್ ಮಾಡುವುದೂ ಒಂದು ಚಟ, ಅಲ್ವಾ?

ಗೌಡ್ರು ಎದ್ದುಹೋಗಿದ್ದು ಒಂದೇ ಸಲ. ಬ್ಯಾಂಕ್ ದರೋಡೆಯ ನಡುವೆ "ಒಂದ್ನಿಮಿಷ, ತೋಟಕ್ಕೆ ಆನೆ ಬಂದಿದೆಯಂತೆ" ಅಂದವರು ಮುಂದಿನ ಭಾನುವಾರವೇ ಸಿಕ್ಕಿದ್ದು. ಅವರ ಮನೆಯಲ್ಲಿ ಲೈಸೆನ್ಸಿನ ಜೋಡಿ ನಳಿಗೆ ಕೋವಿ ಇದೆ. ಹೀಗಾಗಿ ಗುಂಡಿನ ವಿಷಯಕ್ಕೆ ಅವರದೇ ಕೊನೇ ಮಾತು. ಒಣಹಳ್ಳದಲ್ಲಿ ಮೇಯರ್ ಚುನಾವಣೆ ಬಂದಾಗ, "ಹಂಗಾದ್ರೆ ಕೋವಿ ಎಲ್ಲಾ ಸ್ಟೇಷನ್ನಿಗೆ ಕೊಡಬೇಕಲ್ಲ" ಅಂದರು. ಪುಸ್ತಕದಲ್ಲಿ ಇಲ್ಲದ ಈ ನಿಯಮ ನಮ್ಮ ಊರಲ್ಲಿ ಜಾರಿಗೆ ಬಂತು. ಶೆರಿಫ್ ಮುಂದೆ ಎಲ್ಲರೂ ಪಿಸ್ತೂಲು ಇಟ್ಟು ರಸೀದಿ ತಗೊಂಡರು. ಅದೇ ನಮ್ಮ ಅತ್ಯುತ್ತಮ ಸೆಷನ್.

ಇನ್ನು ದಾಳ. ನಾಲ್ಕು ಮುಖದಿಂದ ಹನ್ನೆರಡು ಮುಖದವರೆಗೆ ಇವೆ. ನಿಮ್ಮ ಕೌಶಲ ಎಷ್ಟೋ ಅಷ್ಟು ದೊಡ್ಡ ದಾಳ. ಜೊತೆಗೆ ಮುಖ್ಯ ಪಾತ್ರಗಳಿಗೆ ಆರು ಮುಖದ್ದೊಂದು, ಎರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳುವುದು. ನಾಲ್ಕಾದರೂ ಬಂದರೆ ಕೆಲಸ ಆಯಿತು. ದಾಳದ ಅತಿ ದೊಡ್ಡ ಅಂಕಿ ಬಿದ್ದರೆ ಮತ್ತೆ ಹಾಕಿ ಕೂಡಿಸಬೇಕು, ಅದೂ ಬಿದ್ದರೆ ಮತ್ತೊಮ್ಮೆ. ಮಜಾ ಇರುವುದೂ ಇಲ್ಲೇ, ಹೊಟ್ಟೆ ಉರಿಯುವುದೂ ಇಲ್ಲೇ. ಒಂಬತ್ತನೇ ಸೆಷನ್ನಿನಲ್ಲಿ ಹೆಸರೂ ಇಲ್ಲದ ಒಬ್ಬ ಪುಡಿ ರೌಡಿ ನನ್ನ ತಮ್ಮನ ಪಾದ್ರಿಗೆ ಗುಂಡು ಹೊಡೆದ. ಒಂದು ದಾಳ ಆರು, ಆರು, ಐದು. ಇನ್ನೊಂದು ಆರು, ಮೂರು. ಪಿಸ್ತೂಲಿನದು ಅಂತ ಮೇಲೊಂದು ಸೇರಿ 27. ಪಾದ್ರಿ ತಡೆದುಕೊಳ್ಳುತ್ತಿದ್ದುದು ಆರು. ಬದುಕುತ್ತಾನಾ ಅಂತ ನೋಡಲು ಹಾಕಿದ ಎರಡು ದಾಳದಲ್ಲೂ ಒಂದು. ಮುಗಿಯಿತು. ತಮ್ಮ ಐದು ನಿಮಿಷ ಮೈಕ್ ಆಫ್ ಮಾಡಿಕೊಂಡ. "ಅಕ್ಕಾ, ಅವ್ನಿಗೆ ತಾಯಿ ಇದ್ಲು" ಅಂದ ಆಮೇಲೆ. ಅವಳಿಗೆ ಕಾಗದ ಬರೆಯುವುದರಲ್ಲೇ ಮುಂದಿನ ಸೆಷನ್ ಹೋಯಿತು.

ಇಂಥ ಅನಾಹುತಕ್ಕೆ ಅಂತಲೇ ಬೆನ್ನಿ ಅನ್ನುವ ಬಿಲ್ಲೆಗಳಿವೆ. ಪ್ರತಿ ಸೆಷನ್ನಿಗೆ ಮೂರು. ಖರ್ಚು ಮಾಡಿದರೆ ದಾಳ ಮತ್ತೆ ಹಾಕಬಹುದು, ಬಿದ್ದ ಪೆಟ್ಟನ್ನೂ ತಡೆಯಲು ನೋಡಬಹುದು. ಟೇಬಲ್ಲಿನಲ್ಲಿ ಬಟನ್ ಒತ್ತಿದರೆ ಲೆಕ್ಕ ಇಡುತ್ತಿತ್ತು, ಆದರೆ ಕೈಗೆ ಏನೂ ಸಿಗದೆ ಯಾರಿಗೂ ನೆನಪಿರುತ್ತಿರಲಿಲ್ಲ. ಕೊನೆಗೆ ನಾನು, ಮಿಸ್ಸು ಹುಣಸೆ ಬೀಜ ಇಟ್ಟುಕೊಂಡೆವು, ಗೌಡ್ರು ಕಾಫಿ ಬೀಜ, ಹುಡುಗರು ಒಂದು ರೂಪಾಯಿ ನಾಣ್ಯ. ಕ್ಯಾಮೆರಾ ಮುಂದೆ ಸಾಸರಿನಲ್ಲಿ ಮೂರು ಬೀಜ. ಖರ್ಚಾದಾಗ ಒಂದನ್ನು ತೆಗೆದು ಲೋಟಕ್ಕೆ ಹಾಕಿದರೆ ಟಣ್ ಅನ್ನುತ್ತಿತ್ತು. ಆ ಸದ್ದಿಗೆ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು.

ಸಪ್ಪೆ ಅನಿಸಿದ್ದು ಪತ್ತೇದಾರಿಕೆ. ಯಾರು ಕೊಂದರು ಅಂತ ಹುಡುಕುವ ಕಥೆಗೆ ಈ ನಿಯಮಗಳಿಂದ ಸಹಾಯ ಕಡಿಮೆ. ದಾಳ ಹಾಕು, ಸುಳಿವು ತಗೋ, ಅಷ್ಟೇ. ಹತ್ತರಿಂದ ಹದಿನೈದರವರೆಗಿನ ಸೆಷನ್ನುಗಳು ಅದಕ್ಕೇ ಎಳೆದವು. ದೆವ್ವದ ಭಯವೂ ನಾಲ್ಕನೇ ದೆವ್ವಕ್ಕೆ ಇಳಿದುಹೋಗುತ್ತದೆ. ಅಣ್ಣನ ಮಗನ ಹಕ್‌ಸ್ಟರ್, ಅಂದರೆ ಜೂಜುಕೋರ ಮಂತ್ರವಾದಿಯ ಪಾತ್ರ ಮಾತ್ರ ಕೊನೆವರೆಗೂ ಬೇಜಾರು ತರಿಸಲಿಲ್ಲ. ಶಕ್ತಿ ಮುಗಿದಾಗ ಅವನು ದೆವ್ವದ ಜೊತೆ ಪೋಕರ್ ಆಡಿ ಮಂತ್ರ ಹಾಕುತ್ತಾನೆ, ನಿಜವಾಗಿಯೂ ಐದು ಎಲೆ ಎತ್ತಬೇಕು. ಅವನು ಎಲೆ ನೋಡಿ ತುಟಿ ಕಚ್ಚುವುದನ್ನು ನೋಡಿಯೇ ನಮಗೆ ಅರ್ಧ ಗೊತ್ತಾಗುತ್ತಿತ್ತು.

ಕೊನೇ ರಾತ್ರಿಗೆ ಬರುತ್ತೇನೆ. ಗಣಿ ಸಾಹುಕಾರನಿಗೆ ಆಗಲೇ ಒಂದು ಗಾಯ ಆಗಿತ್ತು. ಇನ್ನು ಮೂರು ಆದರೆ ಬೀಳುತ್ತಾನೆ. ನನ್ನ ಸಾಸರಿನಲ್ಲಿ ಒಂದೇ ಹುಣಸೆ ಬೀಜ. ಎಲೆ ಹಂಚಿದೆ. ಮಿಸ್ಸಿಗೆ ಜೋಕರ್. ಅವರು ಸುಮ್ನೆ ಕೂತಿದ್ದು, ಸಾಹುಕಾರ ಬಾಯಿ ತೆರೆದು ಭಾಷಣ ಶುರು ಮಾಡಿದ ಕೂಡಲೇ "ಈಗ" ಅಂದರು. ದಾಳ: ಆರು, ಆರು, ಆರು, ಎರಡು. ಜೋಕರಿನ ಎರಡು ಸೇರಿ 22. "ಮೂರು ಸಲ ಆರು ಬೀಳೋದು 216ರಲ್ಲಿ ಒಂದು ಸಲ" ಅಂತ ತಕ್ಷಣ ಹೇಳಿದರು. ನಾನು ನಿಯಮ ಓದಿದೆ: ಎಂಟು ಮುಟ್ಟಿದರೆ ಹೊಡೆತಕ್ಕೆ ಒಂದು ದಾಳ ಜಾಸ್ತಿ. ಎಷ್ಟೇ ದಾಟಿದರೂ ಒಂದೇ. "ಅಂದ್ರೆ ಎಂಟು ತಗೊಂಡವ್ನಿಗೂ ಇಪ್ಪತ್ತೆರಡು ತಗೊಂಡವ್ನಿಗೂ ಒಂದೇ ಮಾರ್ಕ್ಸಾ? ಇದ್ಯಾವ ವ್ಯಾಲ್ಯೂಯೇಷನ್ರೀ?" ಅವರ ವಾದ ನನಗೂ ಸರಿ ಅನಿಸಿತು. ಆದರೂ ಹೊಡೆತದ ದಾಳಗಳಲ್ಲಿ ನಾಲ್ಕು, ಐದು, ಆರು, ಆ ಆರಕ್ಕೆ ಮತ್ತೆ ಮೂರು. ಪಿಸ್ತೂಲಿನದೊಂದು, ಜೋಕರಿನದೆರಡು. 21. ಸಾಹುಕಾರ ತಡೆಯುತ್ತಿದ್ದುದು ಎಂಟು. ಮೇಲೆ ಪ್ರತಿ ನಾಲ್ಕಕ್ಕೊಂದು ಗಾಯ, ಹದಿಮೂರಕ್ಕೆ ಮೂರು. ಕೊನೇ ಬೀಜ ಲೋಟಕ್ಕೆ ಹಾಕಿ ತಡೆಯಲು ನೋಡಿದೆ. ಮೂರು, ಎರಡು. ಆಗಲಿಲ್ಲ. ಆಮೇಲೆ ಬಂದಿದ್ದೇ ಆ "ಸತ್ತನೇನ್ರೀ?"

ಮಾರನೇ ವಾರ ಐದೂ ಜನ ಹಾಸನದ ನಮ್ಮ ಮನೆಯಲ್ಲಿ ಸೇರಿದೆವು. ಮಿಸ್ಸನ್ನು, ಗೌಡ್ರನ್ನು ನಾನು ಎದುರಾ ಎದುರು ನೋಡಿದ್ದು ಅದೇ ಮೊದಲು. ಗೌಡ್ರು ಸ್ಕ್ರೀನಿನಲ್ಲಿ ಕಾಣುವುದಕ್ಕಿಂತ ಕುಳ್ಳು. ಅಮ್ಮ ಅಕ್ಕಿ ರೊಟ್ಟಿ ತಟ್ಟುತ್ತಾ ಹೋದರು, ನಾವು ಮುಂದಿನ ಆಟ ಯಾವುದು ಅಂತ ಜಗಳ ಆಡುತ್ತಾ ಹೋದೆವು.

ರೈಲು ಅನ್ನುವ ಯೋಚನೆ ಗೌಡ್ರದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಹಳಿ ನೋಡುತ್ತಾ ಬೆಳೆದವರು ಅವರು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. "ಇದನ್ನ ಕೊರೆದವ್ರು ಯಾರು ಅಂತ ಯಾರೂ ಕಥೆ ಹೇಳಲ್ಲ" ಅಂದರು. ಅದಕ್ಕೇ ಮುಂದಿನ ಕ್ಯಾಂಪೇನ್ 1867ರ ಸಿಯೆರಾ ನೆವಾಡಾ ಬೆಟ್ಟದಲ್ಲಿ, ಸೆಂಟ್ರಲ್ ಪೆಸಿಫಿಕ್ ರೈಲು ಕಂಪನಿಯ ಸುರಂಗದ ಕ್ಯಾಂಪಿನಲ್ಲಿ. ಗ್ರಾನೈಟ್ ಕಲ್ಲಿನ ಬೆಟ್ಟದೊಳಗೆ 1,659 ಅಡಿ. ಕೊರೆದವರು ಹೆಚ್ಚಿನವರು ಚೀನಾದಿಂದ ಬಂದ ಕೂಲಿಗಳು. ಎರಡು ತುದಿಯಿಂದಲೂ, ನಡುವೆ ಬಾವಿ ತೋಡಿ ಅಲ್ಲಿಂದ ಎರಡೂ ಕಡೆಗೂ ಕೊರೆದರು. ಆ ಜೂನಿನಲ್ಲಿ ಅವರು ಸಾವಿರಗಟ್ಟಲೆ ಜನ ಕೆಲಸ ನಿಲ್ಲಿಸಿ ಹೆಚ್ಚು ಕೂಲಿ ಕೇಳಿದರು. ಕಂಪನಿ ಬೆಟ್ಟಕ್ಕೆ ಬರುವ ಊಟದ ಸಾಮಾನನ್ನೇ ತಡೆಹಿಡಿಯಿತು. ಇಷ್ಟೆಲ್ಲ ನಿಜವಾಗಿ ನಡೆದಿರುವಾಗ ದೆವ್ವ ಬೇಕಾ? ಹುಣಸೆ ಬೀಜದಲ್ಲಿ ವೋಟು ಹಾಕಿದೆವು. ದೆವ್ವ ಬೇಡ ಅಂತ ಮೂರು, ಬೇಕು ಅಂತ ಎರಡು. ಸೋತವರು ಹುಡುಗರು. "ಅತ್ತೆ, ಒಂದೇ ಒಂದು ಚಿಕ್ಕದು" ಅಂತ ಅಣ್ಣನ ಮಗ ಈಗಲೂ ಕೇಳುತ್ತಿದ್ದಾನೆ.

ಹಾಗಾಗಿ ಕೊಳ್ಳುವವರಿಗೆ ನನ್ನ ಸಲಹೆ: ದೆವ್ವದ ಕಥೆ ಬೇಕಿದ್ದರೆ ಡೆಡ್‌ಲ್ಯಾಂಡ್ಸ್ ಪುಸ್ತಕವನ್ನೂ ತಗೊಳ್ಳಿ, ಇಲ್ಲದಿದ್ದರೆ ಸ್ಯಾವೇಜ್ ವರ್ಲ್ಡ್ಸ್ ಮೂಲ ಪುಸ್ತಕ ಒಂದೇ ಸಾಕು. ಎಲೆ, ಮತ್ತೆ ಹಾಕಿ ಕೂಡಿಸುವ ದಾಳ, ಬೆನ್ನಿ ಎಲ್ಲ ಅದರಲ್ಲೇ ಇದೆ. ನಾವು ಮೊದಲ ಆಟದಲ್ಲಿ ಮುಟ್ಟದೇ ಬಿಟ್ಟಿದ್ದ ಒಂದು ಅಧ್ಯಾಯವೂ ಇದೆ: ಗುಂಡು ಹಾರಿಸದೆ, ಹೊತ್ತು ಮೀರುವುದರೊಳಗೆ ಒಂದು ಕಷ್ಟದ ಕೆಲಸ ಮುಗಿಸುವುದು. ಅದಕ್ಕೂ ಎಲೆ ಹಂಚುತ್ತಾರೆ, ಕ್ಲಾವರ್ ಬಂದರೆ ತೊಡಕು. ನೈಟ್ರೋಗ್ಲಿಸರಿನ್ ಹೊತ್ತುಕೊಂಡು ಸುರಂಗದೊಳಗೆ ಹೋಗುವಾಗ ಕ್ಲಾವರ್ ಬಂದರೆ ಏನಾಗಬಹುದು ಅಂತ ನೆನೆಸಿಕೊಂಡು ಮಿಸ್ಸು ಕೈ ಉಜ್ಜಿಕೊಂಡರು.

ಬ್ರೌಸರಿನ ಟೇಬಲ್ಲನ್ನೂ ಬದಲಿಸಿದ್ದೇವೆ. ಫೌಂಡ್ರಿ ಅನ್ನುವ ಸಾಫ್ಟ್‌ವೇರ್ ಕೊಂಡೆವು. ಒಂದೇ ಸಲ 50 ಡಾಲರ್, ತಿಂಗಳ ಚಂದಾ ಇಲ್ಲ. ನಡೆಸುವವರು ಕೊಂಡರೆ ಸಾಕು, ಆಡುವವರಿಗೆ ಬ್ರೌಸರ್ ಇದ್ದರಾಯಿತು. ಐದು ಜನ ಹಂಚಿಕೊಂಡೆವು. ಸ್ಯಾವೇಜ್ ವರ್ಲ್ಡ್ಸ್ ನಿಯಮದ ಜೋಡಣೆ ಅದಕ್ಕೆ ಉಚಿತವಾಗಿ ಸಿಗುತ್ತದೆ. ಒಂದು ಎಚ್ಚರಿಕೆ: ಅದು ನಿಮ್ಮದೇ ಕಂಪ್ಯೂಟರಿನಿಂದ ನಡೆಯುವಂಥದ್ದು. ಬಹಳ ಕಡೆ ಮನೆಯ ನೆಟ್ಟಿನಲ್ಲಿ ಹತ್ತಾರು ಮನೆಗೆ ಸೇರಿಸಿ ಒಂದೇ ಐಪಿ ವಿಳಾಸ ಇರುತ್ತದೆ, ಹೊರಗಿನವರು ಒಳಗೆ ಬರಲಾರರು. ನಾನು ರೂಟರ್ ಮುಂದೆ ಎರಡು ಸಂಜೆ ಕಳೆದ ಮೇಲೆ ಅಣ್ಣನ ಮಗ ತಿಂಗಳ ಬಾಡಿಗೆಗೆ ಪುಟ್ಟ ಸರ್ವರ್ ಹಿಡಿದು ಅದರಲ್ಲಿ ಹಾಕಿಕೊಟ್ಟ. ಈ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿದೇ ಕೊಳ್ಳಿ. ಈ ಸಲ ಮ್ಯಾಪ್ ಒಂದೇ, ಇಡೀ ಕ್ಯಾಂಪಿನದು. ನೆರಳು ಇಲ್ಲ.

ಪಾತ್ರಗಳು ಮುಕ್ಕಾಲು ಪಾಲು ಗೊತ್ತಾಗಿವೆ. ತಮ್ಮ ಮುಷ್ಕರದ ಮುಂದಾಳು, ಅಣ್ಣನ ಮಗ ಮದ್ದು ಸಿಡಿಸುವವನು. ಮಿಸ್ಸು ಅಡುಗೆಯವನು. ಚೀನೀ ಕೂಲಿಗಳು ಹಳ್ಳದ ನೀರು ಕುಡಿಯದೆ ಕುದಿಸಿದ ಟೀ ಕುಡಿಯುತ್ತಿದ್ದರು, ಅದರಿಂದ ಅವರಿಗೆ ಕಾಯಿಲೆ ಕಡಿಮೆ ಅಂತ ಓದಿಕೊಂಡು ಬಂದಿದ್ದಾರೆ. ದಿನವಿಡೀ ಟೀ ಅಂತ ಕೇಳಿ ಗೌಡ್ರ ಮುಖ ಸಣ್ಣಗಾಯಿತು. ಮುಂದಿನ ತಿಂಗಳು 20 ಕಳೆದ ಮೇಲಿನ ಭಾನುವಾರ ಶುರು, ಕಾಫಿ ಕೊಯ್ಲಿನ ಸಮಯಕ್ಕೆ ರಜೆ. ಗೌಡ್ರು ಮಾತ್ರ ಇನ್ನೂ ಪಾತ್ರದ ಹಾಳೆ ತುಂಬಿಲ್ಲ. ಕ್ಯಾಂಪಿನಲ್ಲಿ ಕಾಫಿ ಸಿಗುತ್ತೋ ಇಲ್ಲವೋ, ಅದನ್ನು ಮೊದಲು ಹೇಳಬೇಕಂತೆ.