ಮ್ಯೂನಿಕ್‌ನಲ್ಲಿ ಮಕ್ಕಳೊಂದಿಗೆ ಬಿಯರ್ ಗಾರ್ಡನ್: ಹಿರ್ಷ್‌ಗಾರ್ಟನ್ ಅಥವಾ ಚೈನೀಸ್ ಟವರ್?

ಮ್ಯೂನಿಕ್‌ನ ಹಳೆಯ ಬಿಯರ್ ಗಾರ್ಡನ್‌ಗಳಲ್ಲಿ, ಅಂದರೆ ಬಯಲಿನಲ್ಲೇ ಬೆಂಚು ಹಾಕಿದ ಬಿಯರ್ ತಾಣಗಳಲ್ಲಿ, ಪಾನೀಯವನ್ನು ಅಲ್ಲಿಯೇ ಕೊಂಡು ಊಟವನ್ನು ಮನೆಯಿಂದ ತರುವ ಪದ್ಧತಿ 1812ರ ರಾಜಾಜ್ಞೆಯ ಕಾಲದಿಂದ ಬಂದಿರುವುದರಿಂದ, ಖಾರ ಒಗ್ಗದ ಮಗುವಿಗೆ ಮೊಸರನ್ನದ ಡಬ್ಬಿ ಬಿಚ್ಚಲು ಯಾರೂ ಸಂಕೋಚಪಡಬೇಕಿಲ್ಲ. ಆದರೆ ಬಟ್ಟೆ ಹಾಸಿದ ಮೇಜುಗಳು ಹೋಟೆಲಿನವರೇ ಬಡಿಸುವ ಭಾಗಕ್ಕೆ ಸೇರಿದವು. ಬುತ್ತಿಗೆ ಬರಿಯ ಮರದ ಬೆಂಚುಗಳನ್ನೇ ಆರಿಸಿಕೊಳ್ಳಬೇಕು.

ಸುಮಾರು 8,000 ಆಸನಗಳಿರುವ ಹಿರ್ಷ್‌ಗಾರ್ಟನ್ ಗಾತ್ರದಲ್ಲಿ ದೊಡ್ಡದಾದರೂ ಗದ್ದಲ ಹರಡಿಹೋಗುವ ಜಾಗ. ಬೇಲಿಯಾಚೆ ಜಿಂಕೆಗಳಿವೆ, ಸುತ್ತಲಿನ ಉದ್ಯಾನದಲ್ಲಿ ಆಟದ ಬಯಲಿದೆ. ಇಲ್ಲಿ ಒಂದು ಲೀಟರಿನ ಮಗ್ಗನ್ನು ಕಪಾಟಿನಿಂದ ನೀವೇ ತೆಗೆದು, ತಣ್ಣೀರಿನಲ್ಲಿ ತೊಳೆದು, ಸಾಲಿನಲ್ಲಿ ನಿಲ್ಲಬೇಕು. ಮಕ್ಕಳಿಗೆ ಅದೇ ಒಂದು ಆಟ.

ಇಂಗ್ಲಿಷ್ ಗಾರ್ಡನ್ ಎಂಬ ಉದ್ಯಾನದಲ್ಲಿರುವ ಚೈನೀಸ್ ಟವರ್‌ನಲ್ಲಿ ಆಸನಗಳು ಸುಮಾರು 7,000. 25 ಮೀಟರ್ ಎತ್ತರದ ಮರದ ಗೋಪುರದಿಂದ ಹಿತ್ತಾಳೆ ವಾದ್ಯಗಳ ಮೇಳ ಕೇಳಿಬರುತ್ತದೆ, ಪಕ್ಕದಲ್ಲೇ ಮಕ್ಕಳು ಕೂತು ಸುತ್ತುವ 1913ರ ಮರದ ತಿರುಗು ಕುದುರೆಯಾಟವಿದೆ. ನೋಡಲು ಇದೇ ಚೆಂದ, ನಿಜ. ಆದರೆ ಪ್ರವಾಸಿಗರ ದಟ್ಟಣೆಯಲ್ಲಿ, ಅದರಲ್ಲೂ ಬಿಸಿಲಿನ ಭಾನುವಾರ, ಓಡಾಡುವ ಮಗುವಿನ ಮೇಲೆ ಕಣ್ಣಿಡುವುದು ಸುಲಭವಲ್ಲ.

ನಡೆಯಲು ಕಲಿತ ಮಗುವಿದ್ದರೆ ನಾನು ಹಿಂದೆಮುಂದೆ ನೋಡದೆ ಹಿರ್ಷ್‌ಗಾರ್ಟನ್ ಎನ್ನುತ್ತೇನೆ. ಒಂದೇ ದಿನವಿರುವ ಅತಿಥಿಗಳು ಜೊತೆಗಿದ್ದರೆ, ವಾರದ ನಡುವಿನ ಮಧ್ಯಾಹ್ನ, ಗೋಪುರದ ಕಡೆಗೆ ಹೋಗಬಹುದು.