ಡ್ರಾ ಆದ ಫುಟ್‌ಬಾಲ್ ಲೀಗ್ ಪಂದ್ಯಕ್ಕೆ ಶೂಟೌಟ್ ಬೇಕಾ? ಮೂರು ಬಗೆಯಲ್ಲೂ ಆಡಿಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಡ್ರಾಗೇ. ತೊಂಬತ್ತು ನಿಮಿಷ ಆಯಿತು, ಗೋಲು ಸಮ, ತಲಾ ಒಂದು ಅಂಕ, ಮುಗಿಯಿತು. ನಾಕೌಟ್ ಮಾತು ಬೇರೆ. ಅಲ್ಲಿ ಒಬ್ಬರು ಮುಂದಿನ ಸುತ್ತಿಗೆ ಹೋಗಲೇಬೇಕು. 1968ರ ಯುರೋ ಸೆಮಿಫೈನಲ್‌ನಲ್ಲಿ ಇಟಲಿ ಸೋವಿಯತ್ ತಂಡವನ್ನು ದಾಟಿದ್ದು ನಾಣ್ಯ ಚಿಮ್ಮಿಸಿ! ಅದಕ್ಕೆ ಹೋಲಿಸಿದರೆ ಶೂಟೌಟ್, ಅಂದರೆ ಎರಡೂ ತಂಡ ಸರದಿಯಂತೆ ಪೆನಾಲ್ಟಿ ಹೊಡೆದು ಗೆಲುವು ತೀರ್ಮಾನಿಸುವುದು, ಎಷ್ಟೋ ವಾಸಿ. ಆದರೆ ಲೀಗ್‌ನಲ್ಲಿ ಯಾರನ್ನೂ ಅವತ್ತೇ ಮನೆಗೆ ಕಳಿಸುವ ಅಗತ್ಯವೇ ಇಲ್ಲ.

ಹವ್ಯಾಸಿ ತಂಡಗಳ ವಾರಾಂತ್ಯದ ಲೀಗೊಂದರ ವೇಳಾಪಟ್ಟಿ, ಅಂಕಪಟ್ಟಿ ನನ್ನ ತಲೆಗೆ ಬಿದ್ದಿದೆ. ಬೇರೆ ಬೇರೆ ಸೀಸನ್‌ಗಳಲ್ಲಿ ಮೂರು ಪದ್ಧತಿ ಆಡಿಸಿದ್ದೇವೆ. ಒಂದು, ಮಾಮೂಲಿ ಡ್ರಾ. ಇನ್ನೊಂದು, ಶೂಟೌಟ್ ಗೆದ್ದವರಿಗೆ ಎರಡು ಅಂಕ, ಸೋತವರಿಗೆ ಒಂದು. ಮತ್ತೊಂದು, ಗೆದ್ದವರಿಗೆ ಒಂದು, ಸೋತವರಿಗೆ ಸೊನ್ನೆ. ಪೂರ್ತಿ ಗೆಲುವಿಗೆ ಮೂರರಲ್ಲೂ ಮೂರೇ ಅಂಕ.

ಈಗ ಎಲ್ಲರ ಬಾಯಲ್ಲಿರುವುದು ಎರಡು-ಒಂದರ ಪದ್ಧತಿ. ಹೊಸದೇನಲ್ಲ. ನಾರ್ವೆಯ ಅಗ್ರ ಲೀಗ್ 1987ರಲ್ಲಿ, ಅರ್ಜೆಂಟೀನಾ 1988-89ರಲ್ಲಿ ಇದನ್ನು ಆಡಿಸಿ ಕೈಬಿಟ್ಟಿವೆ. ಅಮೆರಿಕದ ಅಗ್ರ ಲೀಗ್ ಎಂಎಲ್‌ಎಸ್‌ನ ಕೆಳಹಂತದ ಲೀಗ್ ಆದ ಎಂಎಲ್‌ಎಸ್ ನೆಕ್ಸ್ಟ್ ಪ್ರೋದಲ್ಲಿ ಈಗಲೂ ಇದೆ. ಎಂಎಲ್‌ಎಸ್ ಮತ್ತು ಮೆಕ್ಸಿಕೋ ಲೀಗ್‌ನ ತಂಡಗಳು ಆಡುವ ಲೀಗ್ಸ್ ಕಪ್‌ನ 2023ರ ಗುಂಪು ಹಂತದಲ್ಲೂ ಇತ್ತು. ಇಷ್ಟಪಡುವವರು ಹೇಳುವುದು, ಪ್ರತಿ ಪಂದ್ಯದಿಂದಲೂ ಒಟ್ಟು ಮೂರು ಅಂಕ ಹಂಚಿಕೆಯಾಗುತ್ತದೆ, ಲೆಕ್ಕ ಚೊಕ್ಕ, ನೋಡುವವರೂ ಕೊನೆವರೆಗೆ ಕದಲುವುದಿಲ್ಲ. ಎರಡೂ ನಿಜವೇ.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಶೂಟೌಟ್ ಎಂದರೆ ಹೆಚ್ಚುಕಡಿಮೆ ಫಿಫ್ಟಿ-ಫಿಫ್ಟಿ. ಹಾಗಾಗಿ ಡ್ರಾ ಮಾಡಿಕೊಂಡ ತಂಡಕ್ಕೆ ಸರಾಸರಿ ಒಂದೂವರೆ ಅಂಕ ಸಿಗುತ್ತದೆ, ಅಂದರೆ ಗೆಲುವಿನ ಅರ್ಧ. ಗೆಲುವಿಗೆ ಎರಡು, ಡ್ರಾಗೆ ಒಂದು ಇದ್ದ ಹಳೇ ಕಾಲದಲ್ಲೂ ಇದ್ದದ್ದು ಅರ್ಧವೇ! ಡ್ರಾಗೆ ಅಷ್ಟು ಬೆಲೆ ಇದ್ದರೆ ತಂಡಗಳು ರಕ್ಷಣೆಗೆ ಕೂತುಬಿಡುತ್ತವೆ ಅಂತಲೇ ಇಂಗ್ಲೆಂಡ್ 1981ರಲ್ಲಿ ಗೆಲುವಿಗೆ ಮೂರು ಅಂಕ ಕೊಟ್ಟಿತು. 1994ರಲ್ಲಿ ವಿಶ್ವಕಪ್ಪಿಗೂ ಅದು ಬಂತು. ಡ್ರಾ ಕಡಿಮೆ ಮಾಡಲು ತಂದ ಶೂಟೌಟ್ ಆ ಸುಧಾರಣೆಯನ್ನೇ ಸದ್ದಿಲ್ಲದೆ ಅಳಿಸಿಹಾಕುತ್ತದೆ.

ನಂಬಿಕೆ ಬರದಿದ್ದರೆ ಇಟಲಿಯ ಅಗ್ರ ಲೀಗ್ ಸೀರಿ ಎಯ 1978-79ರ ಸೀಸನ್ ತೆಗೆದುಕೊಳ್ಳಿ. ಪೆರುಜಾ ಮೂವತ್ತು ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 11 ಗೆಲುವು, 19 ಡ್ರಾ. ಚಾಂಪಿಯನ್ ಆದ ಮಿಲಾನ್‌ಗೆ 17 ಗೆಲುವು, 10 ಡ್ರಾ, 3 ಸೋಲು. ಆಗಿನ ಲೆಕ್ಕದಲ್ಲಿ 44ಕ್ಕೆ 41, ಅಂತರ ಮೂರು. ಈಗಿನ ಮೂರು-ಒಂದರ ಲೆಕ್ಕ ಹಾಕಿದರೆ 61ಕ್ಕೆ 52, ಅಂತರ ಒಂಬತ್ತು. ಹತ್ತೊಂಬತ್ತು ಡ್ರಾ ಮಾಡಿದ್ದಕ್ಕೆ ಶಿಕ್ಷೆ ಅಲ್ಲೇ ಆಯಿತು, ಒಂದು ಪೆನಾಲ್ಟಿಯನ್ನೂ ಹೊಡೆಸದೆ. ಅದೇ ಡ್ರಾಗಳನ್ನು ಶೂಟೌಟ್‌ಗೆ ಕಳಿಸಿ ತಲಾ ಒಂದೂವರೆ ಹಿಡಿಯಿರಿ, 66ಕ್ಕೆ 61.5. ಒಂಬತ್ತರ ಅಂತರ ನಾಲ್ಕೂವರೆಗೆ ಇಳಿಯಿತು.

ನಮ್ಮ ಮೈದಾನದಲ್ಲೂ ಅದನ್ನೇ ನೋಡಿದೆ. ಒಳ್ಳೆ ಗೋಲ್‌ಕೀಪರ್ ಇದ್ದ ತಂಡಗಳು ಎಪ್ಪತ್ತನೇ ನಿಮಿಷ ದಾಟುತ್ತಲೇ ಹಿಂದೆ ಸರಿದು ಗೋಡೆ ಕಟ್ಟುತ್ತಿದ್ದವು. ಒಂದು ಅಂಕ ಖಾತ್ರಿ, ಎರಡಕ್ಕೂ ಅವಕಾಶ. ಮುಂದೆ ಯಾಕೆ ಓಡಬೇಕು?

ಇದನ್ನಾದರೂ ಸಹಿಸಬಹುದಿತ್ತು. ನನ್ನ ನಿದ್ದೆ ಕೆಡಿಸಿದ್ದು ಬದಲಿ ಆಟಗಾರರ ಗೋಳು. ಕೊನೇ ಸೀಟಿ ಊದಿದಾಗ ಯಾರು ಮೈದಾನದಲ್ಲಿದ್ದರೋ ಅವರೇ ಪೆನಾಲ್ಟಿ ಹೊಡೆಯಬೇಕು ಎನ್ನುವುದು ನಿಯಮ. ದೊಡ್ಡ ಲೀಗ್‌ಗಳಲ್ಲಿ ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ, ಹಾಗಾಗಿ ತೊಂದರೆಯಿಲ್ಲ. ಹವ್ಯಾಸಿ ಲೀಗ್‌ನಲ್ಲಿ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಎಂಬತ್ತೆಂಟನೇ ನಿಮಿಷಕ್ಕೆ ಡಿಫೆಂಡರ್‌ಗಳೆಲ್ಲ ಹೊರಗೆ, ಪೆನಾಲ್ಟಿ ಹೊಡೆಯುವವರೆಲ್ಲ ಒಳಗೆ. ಎದುರಿನವರೂ ಹಾಗೇ. ಕೊನೆಯ ಎರಡು ನಿಮಿಷ ಆಟವೇ ಇಲ್ಲ, ಬರೀ ಓಡಾಟ. ಸೀಟಿ ಊದಿದಾಗ ಅವನು ಗೆರೆಯ ಒಳಗಿದ್ದನೋ ಹೊರಗಿದ್ದನೋ ಎಂದು ಜಗಳ. ಇರುವ ಒಬ್ಬ ರೆಫರಿ ಚೆಂಡು ನೋಡಬೇಕೋ, ಅಂಚಿನಲ್ಲಿ ನಿಂತವರ ನಂಬರ್ ಬರೆದುಕೊಳ್ಳಬೇಕೋ?

ಕೊನೆಯ ಐದು ನಿಮಿಷ ಬದಲಾವಣೆ ಬಂದ್ ಎಂದೆವು. ಗಾಯವಾದರೆ ಏನು ಮಾಡುವುದು ಅಂತ ಕೇಳಿದರು, ನ್ಯಾಯವಾದ ಪ್ರಶ್ನೆ. ಗಾಯಕ್ಕೆ ವಿನಾಯಿತಿ ಕೊಟ್ಟೆವು. ಮುಂದಿನ ವಾರದಿಂದ ಎಂಬತ್ತೈದನೇ ನಿಮಿಷಕ್ಕೆ ಸರಿಯಾಗಿ ಆಟಗಾರರು ಕುಂಟತೊಡಗಿದರು! ಅದರಲ್ಲೂ ಪೆನಾಲ್ಟಿ ಹೊಡೆಯಲು ಬಾರದವರೇ. ಒಂದು ಪಂದ್ಯದ ಫಲಿತಾಂಶವನ್ನಂತೂ ಎರಡೂ ತಂಡದವರ ಮೊಬೈಲ್ ವಿಡಿಯೋ ತರಿಸಿ ನೋಡಿ ತೀರ್ಮಾನಿಸಬೇಕಾಯಿತು. ಮಾಮೂಲಿ ಡ್ರಾದಲ್ಲಿ ಈ ಯಾವ ಪ್ರಶ್ನೆಯೂ ಹುಟ್ಟುವುದಿಲ್ಲ.

ಒಂದು-ಸೊನ್ನೆ ಪದ್ಧತಿ ಕಠೋರ, ಆದರೆ ಅದರಲ್ಲಿ ತರ್ಕವಿದೆ. 1996ರಿಂದ 1999ರವರೆಗೆ ಎಂಎಲ್‌ಎಸ್ ಇದನ್ನೇ ಆಡಿಸಿತು. ಗೆಲುವಿಗೆ ಎರಡೇ ಅಂಕ ಇದ್ದ ಯುಗೊಸ್ಲಾವಿಯಾದಲ್ಲೂ 1988ರಿಂದ ಇದೇ ಇತ್ತು. ಮೂರು ಅಂಕದ ಲೀಗ್‌ನಲ್ಲಿ ಹೀಗೆ ಮಾಡಿದರೆ ಡ್ರಾದ ಬೆಲೆ ಅರ್ಧ ಅಂಕಕ್ಕೆ ಬೀಳುತ್ತದೆ, ಹಾಗಾಗಿ ಕೊನೆಯ ಹತ್ತು ನಿಮಿಷ ಎರಡೂ ಕಡೆಯವರು ಜೀವ ಬಿಟ್ಟು ನುಗ್ಗುತ್ತಾರೆ. ಆಟ ನೋಡಲು ಇದೇ ಚೆಂದ. ಆದರೆ ತೊಂಬತ್ತು ನಿಮಿಷ ಬಲವಾದ ತಂಡವನ್ನು ತಡೆದು ನಿಲ್ಲಿಸಿ ಕೊನೆಗೆ ಬರಿಗೈಯಲ್ಲಿ ಹೋಗುವ ಹುಡುಗರ ಮುಖಕ್ಕೆ ಮುಖ ಕೊಡುವುದು ಕಷ್ಟ. ಸೀಸನ್ ನಡುವೆಯೇ ಒಂದು ತಂಡ ಲೀಗ್ ಬಿಡುತ್ತೇವೆ ಎಂದಿತು.

ಎಂಎಲ್‌ಎಸ್‌ನವರು ಆಗ ಹೊಡೆಸುತ್ತಿದ್ದದ್ದು ಪೆನಾಲ್ಟಿಯಲ್ಲ, 35 ಗಜದಿಂದ ಚೆಂಡು ಓಡಿಸಿಕೊಂಡು ಬಂದು ಐದು ಸೆಕೆಂಡಿನೊಳಗೆ ಹೊಡೆಯಬೇಕಿತ್ತು. ಅಭ್ಯಾಸದಲ್ಲಿ ಆಡಿಸಿ ನೋಡಿದೆವು, ಮಜಾ ಇದೆ, ಸ್ಟಾಪ್‌ವಾಚ್ ಹಿಡಿಯಲು ಇನ್ನೊಬ್ಬ ಬೇಕು. ಸೋವಿಯತ್ ಲೀಗ್‌ನಂತೆ ಇಷ್ಟು ಡ್ರಾ ಮೀರಿದರೆ ಅಂಕವಿಲ್ಲ ಎನ್ನುವ ಮಿತಿಯೂ ಚರ್ಚೆಗೆ ಬಂತು, ಅಲ್ಲಿಗೇ ಬಿಟ್ಟೆವು.

ನನ್ನ ತೀರ್ಮಾನದಲ್ಲಿ ನಮ್ಮ ಪರಿಸ್ಥಿತಿಯೂ ಇದೆ ಅನ್ನಿ. ನಮಗಿರುವುದು ಒಂದೇ ಮೈದಾನ, ಮುಂದಿನ ಪಂದ್ಯದವರು ಬೂಟು ಕಟ್ಟಿ ಕಾಯುತ್ತಿರುತ್ತಾರೆ. ರೆಫರಿಗೆ ಗಂಟೆ ಲೆಕ್ಕದಲ್ಲಿ ಕೊಡಬೇಕು. ಒಂದು ಶೂಟೌಟ್ ತಲಾ ಐದು ಹೊಡೆತದ ನಂತರವೂ ಸಮವಾಗಿ ಸಡನ್ ಡೆತ್‌ಗೆ ಹೋದರೆ ಇಡೀ ದಿನದ ವೇಳಾಪಟ್ಟಿ ಜಾರುತ್ತದೆ. ಚಿಕ್ಕ ಟೂರ್ನಿ, ಬಡ್ತಿ-ಹಿಂಬಡ್ತಿಯ ತಲೆನೋವಿಲ್ಲ ಅಂದರೆ ಎರಡು-ಒಂದು ನಡೆದೀತು. 2026ರ ಮೊದಲರ್ಧದ ವಿಶೇಷ ಟೂರ್ನಿಗೆ ಜಪಾನಿನ ಜೆ ಲೀಗ್ ಅದನ್ನು ಆರಿಸಿಕೊಂಡದ್ದೂ ಅಂಥ ಕಡೆಯೇ. ಪೂರ್ತಿ ಸೀಸನ್‌ಗೆ ಶೂಟೌಟ್ ಬೇಕೇ ಬೇಕು ಅಂತ ಕಮಿಟಿ ಹಟ ಹಿಡಿದರೆ ಒಂದು-ಸೊನ್ನೆ ಕೇಳಿ. ಜೊತೆಗೆ, ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ ಎನ್ನುವ ನಿಯಮವನ್ನು ಮೊದಲ ಪಂದ್ಯಕ್ಕೂ ಮುಂಚೆಯೇ ಬರೆಸಿಕೊಳ್ಳಿ. ನಮ್ಮಲ್ಲಿ ಮುಂದಿನ ಸೀಸನ್‌ಗೆ ಡ್ರಾ ಎಂದೇ ತೀರ್ಮಾನವಾಗಿದೆ, ಗೋಲ್‌ಕೀಪರ್‌ಗಳು ಮಾತ್ರ ಇನ್ನೂ ಒಪ್ಪಿಲ್ಲ.